ಬಾವಿ ನೀರಿನಲ್ಲಿ ಸೀಸ ಅಳೆಯುವ ಕೈಯಂತ್ರ: ಕಾರವಾರದಲ್ಲಿ ಬಳಸಿದ ಅನುಭವ

ಈ ಪುಟ್ಟ ವೋಲ್ಟಾಮೆಟ್ರಿ (ವೋಲ್ಟೇಜ್ ಬದಲಿಸುತ್ತಾ ಕರೆಂಟು ಅಳೆದು ಲೋಹ ಪತ್ತೆಮಾಡುವ) ಯಂತ್ರವನ್ನು ಕೆಲವು ವರ್ಷಗಳಿಂದ ಕಾರವಾರದ ಬಾವಿಗಳಿಗೆ ಬಳಸುತ್ತಿದ್ದೇನೆ. ಕೊಂಡದ್ದು ಒಳ್ಳೆಯದೇ ಆಯಿತು. ಆದರೆ ಪರದೆಯ ಮೇಲೆ ಬಂದ ಮೊದಲ ಅಂಕಿಯನ್ನೇ ನಂಬುವವರಿಗೆ ಇದು ಬೇಡ.

ನೀರಿಗೆ ಅಸಿಟೇಟ್ ಬಫರ್ (ನೀರಿನ ಹುಳಿಯನ್ನು ಒಂದೇ ಮಟ್ಟದಲ್ಲಿಡುವ ದ್ರಾವಣ), ಸ್ವಲ್ಪ ಬಿಸ್ಮತ್ ಎಂಬ ಲೋಹದ ದ್ರಾವಣ ಹಾಕಿ ಕಾರ್ಬನ್ ಪಟ್ಟಿ ಅದ್ದಬೇಕು. ಯಂತ್ರ ಮೊದಲು ಋಣ ವೋಲ್ಟೇಜ್ ಕೊಟ್ಟು ಲೋಹವನ್ನು ಪಟ್ಟಿಯ ಮೇಲೆ ಕೂರಿಸುತ್ತದೆ. ಆಮೇಲೆ ವೋಲ್ಟೇಜ್ ಏರಿಸುತ್ತಾ ಕರಗಿಸುತ್ತದೆ. ಮೊದಲು ಕ್ಯಾಡ್ಮಿಯಂ, ನಂತರ ಸೀಸ. ಆಗ ಹರಿಯುವ ಕರೆಂಟು ಗ್ರಾಫಿನಲ್ಲಿ ಪೀಕ್ ಆಗಿ, ಅಂದರೆ ಲೋಹ ಹೆಚ್ಚಿದ್ದಷ್ಟೂ ಎತ್ತರದ ಶಿಖರವಾಗಿ ಕಾಣುತ್ತದೆ. ಲೋಹ ಕಡಿಮೆ ಇದ್ದರೆ ಜಾಸ್ತಿ ಹೊತ್ತು ಕೂರಿಸಿದರಾಯಿತು. ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟನ್ನು ಇದು ಹಿಡಿಯುತ್ತದೆ. ಈಗ ಬಿಸ್ಮತ್ ಮಾಡುವ ಕೆಲಸಕ್ಕೆ ಹಿಂದೆ ಪಾದರಸ ಬೇಕಿತ್ತು. ಮನೆಮನೆಗೆ ಒಯ್ಯುವ ಚೀಲದಲ್ಲಿ ಪಾದರಸ ಇಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ.

ಕಷ್ಟ ಇರುವುದು ನಮ್ಮ ನೀರಿನಲ್ಲಿ. ಕಾಳಿ ಅಳಿವೆಯ ಹತ್ತಿರದ ಬಾವಿ ಬೇಸಿಗೆಯಲ್ಲಿ ಉಪ್ಪಾದರೆ ಪೀಕ್ ಪಕ್ಕಕ್ಕೆ ಸರಿಯುತ್ತದೆ. ಮಳೆಗಾಲದಲ್ಲಿ ತರಗೆಲೆ ಕೊಳೆತ ನೀರು ಬಾವಿಗಿಳಿಯುತ್ತದೆ. ಆ ಕೊಳೆತದ ಅಂಶ ಪಟ್ಟಿಗೆ ಮೆತ್ತಿಕೊಂಡು ಸೀಸದ ಪೀಕನ್ನು ಕುಗ್ಗಿಸುತ್ತದೆ. ಸೀಸವಿದ್ದರೂ ಯಂತ್ರ ಇಲ್ಲವೆನ್ನಬಹುದು. ಮಕ್ಕಳು ಕುಡಿಯುವ ನೀರು ಅಲ್ವಾ? ಅದಕ್ಕೇ ಅದೇ ನೀರಿಗೆ ಗೊತ್ತಿರುವಷ್ಟು ಸೀಸ ಸೇರಿಸಿ ಮತ್ತೆ ಅಳೆಯಬೇಕು. ಪೀಕ್ ಎಷ್ಟು ಏರಿತು ಎಂಬುದರಿಂದ ಲೆಕ್ಕ ಹಾಕಬೇಕು. ಪಟ್ಟಿ ಹೆಚ್ಚು ಖರ್ಚಾಗುತ್ತದೆ, ಆದರೂ ಇದನ್ನು ಬಿಡಬೇಡಿ. ಕೊಳೆತದ ಅಂಶಕ್ಕೆ ಗಟ್ಟಿಯಾಗಿ ಅಂಟಿದ ಸೀಸ ಇಷ್ಟಾದರೂ ಸಿಗುವುದಿಲ್ಲ. ಅದಕ್ಕೆ ಆಸಿಡ್ ಹಾಕಿ ಕಾಯಿಸಬೇಕು, ಅದು ಲ್ಯಾಬಿನ ಕೆಲಸ.

ಕೋಡಿಬಾಗದ ಒಂದು ಮನೆಯಲ್ಲಿ ಬೆಳಿಗ್ಗೆ ನಲ್ಲಿಯ ಮೊದಲ ನೀರಿನಲ್ಲಿ ಸೀಸ ಮಿತಿ ದಾಟಿತ್ತು. ಸ್ವಲ್ಪ ಹೊತ್ತು ಹರಿಯಬಿಟ್ಟ ಮೇಲೆ ಇಳಿಯಿತು. ಬಾವಿಯಿಂದ ಸೇದಿದ ನೀರಿನಲ್ಲಿ ಪೀಕೇ ಇರಲಿಲ್ಲ. ಸೀಸ ಬರುತ್ತಿದ್ದದ್ದು ರಾತ್ರಿಯಿಡೀ ನೀರು ನಿಂತ ಹಳೇ ಹಿತ್ತಾಳೆ ನಲ್ಲಿಯಿಂದ. "ಬಾವಿನೇ ಮುಚ್ಚಿಸೋಣ ಅಂತಿದ್ವಿ" ಎಂದರು ಮನೆಯವರು. ನಲ್ಲಿ ಬದಲಿಸಿದರು, ಬಾವಿ ಉಳಿಯಿತು. ಈ ಯಂತ್ರದ ಬೆಲೆ ನನಗೆ ಗೊತ್ತಾದದ್ದು ಅಲ್ಲಿ.

ತಾಮ್ರ ಅಳೆಯುವುದಾದರೆ ಬಿಸ್ಮತ್ ಹಾಕಬೇಡಿ, ಎರಡರ ಪೀಕೂ ಹತ್ತಿರ ಬಿದ್ದು ಬೆರೆಯುತ್ತವೆ. ಆರ್ಸೆನಿಕ್‌ಗೆ ಚಿನ್ನದ ಪಟ್ಟಿ ಬೇರೆ ಬೇಕು. ನಮ್ಮ ಚಿರೆಕಲ್ಲು ನೆಲದಲ್ಲಿ ಜನ ಹೆಚ್ಚಾಗಿ ಕೇಳುವುದು ಕೆಂಪು ನೀರಿನ ಬಗ್ಗೆ. ಅದು ಸಾಮಾನ್ಯವಾಗಿ ಕಬ್ಬಿಣ. ಅದಕ್ಕಾಗಿ ಸುಮ್ನೆ ಇಷ್ಟು ದುಡ್ಡು ಹಾಕಬೇಡಿ, ಬಣ್ಣ ನೋಡಿ ಹೇಳುವ ಅಗ್ಗದ ಕಿಟ್ ಸಾಕು.