ಸಿಬಿಟಿಯೋ, ಸೈಕೋಡೈನಾಮಿಕ್ಕೋ? ಎರಡೂ ಕಡೆ ಕೂತು ಬಂದವಳ ಹೋಲಿಕೆ

ನನಗೊಂದು ಚಟ ಇತ್ತು. ಏನೇ ಆದರೂ ‘ಪರವಾಗಿಲ್ಲ’ ಅನ್ನುವುದು. ಗಂಡ ಫೋನೂ ಮಾಡದೆ ತಡವಾಗಿ ಬಂದರೆ ಪರವಾಗಿಲ್ಲ. ನನ್ನ ಕೆಲಸಕ್ಕೆ ಆಫೀಸಿನಲ್ಲಿ ಬೇರೆಯವರು ಹೊಗಳಿಸಿಕೊಂಡರೆ ಪರವಾಗಿಲ್ಲ. ಆಮೇಲೆ ಮನೆಯಲ್ಲಿ ಮೂರು ದಿನ ಮಾತಿಲ್ಲ, ರಾತ್ರಿ ನಿದ್ದೆಯಿಲ್ಲ, ಮೀಟಿಂಗ್ ಅಂದರೆ ಎದೆ ಡವಡವ.

ಮೊದಲು ಹೋಗಿದ್ದು ಸಿಬಿಟಿಗೆ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಗೆ. ಯೋಚನೆ ಮತ್ತು ನಡವಳಿಕೆಯನ್ನು ಹಿಡಿದು ಕೆಲಸ ಮಾಡುವ ಥೆರಪಿ ಅದು. ವಾರಕ್ಕೊಂದರಂತೆ 14 ಸೆಷನ್. ಇವತ್ತು ಏನು ಮಾತಾಡುವುದು ಅಂತ ಶುರುವಿನಲ್ಲೇ ಗೊತ್ತು ಮಾಡಿಕೊಳ್ಳುತ್ತಿದ್ದೆವು. ಕೊನೆಗೆ ಹೋಂವರ್ಕ್. ಒಂದು ನೋಟ್‌ಬುಕ್, ಅದರಲ್ಲಿ ಕಾಲಂಗಳು: ಏನಾಯಿತು, ಏನು ಯೋಚನೆ ಬಂತು, ಎಷ್ಟು ಭಯ, ಆ ಯೋಚನೆಗೆ ಪುರಾವೆ ಏನು, ವಿರುದ್ಧ ಏನು. ಒಂದು ಸಂಜೆ ಬಾಸ್ ‘ನಾಳೆ ಮಾತಾಡೋಣ’ ಅಂತ ಒಂದೇ ಸಾಲಿನ ಮೇಲ್ ಕಳಿಸಿದ್ದರು. ನಾನು ಬರೆದಿದ್ದು: ‘ಕೆಲಸದಿಂದ ತೆಗೀತಾರೆ, ಭಯ ನೂರಕ್ಕೆ 85.’ ವಿರುದ್ಧ ಪುರಾವೆ ಬರೆಯುತ್ತಾ ಹೋದ ಹಾಗೆ 40ಕ್ಕೆ ಇಳಿಯಿತು. ಮಾರನೇ ದಿನ ನೋಡಿದರೆ ಅವರಿಗೆ ರಜೆಯ ಪಟ್ಟಿ ಬೇಕಿತ್ತು ಅಷ್ಟೇ!

ಎರಡೇ ತಿಂಗಳಲ್ಲಿ ನಿದ್ದೆ ಸರಿಹೋಯಿತು. ಇದು ಸಣ್ಣ ಮಾತಲ್ಲ. ಸಿಬಿಟಿ ಮೇಲುಮೇಲಿನದು ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ನಿದ್ದೆಗೆಟ್ಟು ಗೊತ್ತಿಲ್ಲ ಅಂತ ಕಾಣುತ್ತದೆ.

ಆದರೆ ಮನೆಯ ಮೌನ ಹಾಗೇ ಉಳಿಯಿತು. ನನ್ನ ‘ಪರವಾಗಿಲ್ಲ’ ಆ ನೋಟ್‌ಬುಕ್ಕಿಗೆ ಬರಲೇ ಇಲ್ಲ. ಕಾಲಂ ತುಂಬಿಸಬೇಕಾದರೆ ಒಂದು ಯೋಚನೆ ಕೈಗೆ ಸಿಗಬೇಕು, ಅಲ್ವಾ? ನನಗೆ ಆ ಹೊತ್ತಿಗೆ ಏನೂ ಅನ್ನಿಸುತ್ತಿರಲಿಲ್ಲ. ಅದೇ ತೊಂದರೆ.

ಎಂಟು ತಿಂಗಳು ಬಿಟ್ಟು ಸೈಕೋಡೈನಾಮಿಕ್ ಥೆರಪಿಗೆ ಹೋದೆ. ನಮಗೇ ಗೊತ್ತಾಗದ ಭಾವನೆಗಳನ್ನು, ಹಳೆಯ ಸಂಬಂಧಗಳ ಗುರುತುಗಳನ್ನು ಹುಡುಕುವ ಥೆರಪಿ ಅದು. ವಾರಕ್ಕೊಮ್ಮೆ 50 ನಿಮಿಷ, ಎರಡು ವರ್ಷಕ್ಕೂ ಹೆಚ್ಚು. ಇದರ ಬೇರು ಫ್ರಾಯ್ಡ್‌ನಲ್ಲಿದೆ, ಆದರೆ ಮಂಚದ ಮೇಲೆ ಮಲಗಿಸಿ ವಾರಕ್ಕೆ ನಾಲ್ಕೈದು ದಿನ ಮಾಡುವ ಮನೋವಿಶ್ಲೇಷಣೆ ಬೇರೆ. ಇಲ್ಲಿ ಎದುರುಬದುರು ಕುರ್ಚಿ. ಪಟ್ಟಿಯಿಲ್ಲ, ಹೋಂವರ್ಕ್ ಇಲ್ಲ. ‘ಎಲ್ಲಿಂದ ಶುರು ಮಾಡಲಿ?’ ಅಂದೆ. ‘ಮನಸ್ಸಿಗೆ ಏನು ಬರುತ್ತೋ ಅಲ್ಲಿಂದ’ ಅಂದರು. ಆಮೇಲೆ ಸುಮ್ನೆ ಕೂತರು. ಮೊದಲ ಎರಡು ತಿಂಗಳು ನನಗೆ ರೇಗಿದ್ದಷ್ಟೇ ಲಾಭ.

ಮೂರನೇ ತಿಂಗಳು ಅವರು ಎರಡು ವಾರ ರಜೆ ಹೋದರು. ತಿಂಗಳ ಮುಂಚೆಯೇ ಹೇಳಿದ್ದರು, ನಾನು ‘ಪರವಾಗಿಲ್ಲ’ ಅಂದಿದ್ದೆ. ಅವರು ಬಂದ ಮೇಲಿನ ಮೊದಲ ಸೆಷನ್ನಿಗೆ ಹನ್ನೆರಡು ನಿಮಿಷ ತಡವಾಗಿ ಹೋದೆ. ಅದರ ಮುಂದಿನ ಸಲ ದಿನವನ್ನೇ ಮರೆತೆ. ನಾನು ಯಾವತ್ತೂ ಏನನ್ನೂ ಮರೆಯುವವಳಲ್ಲ. ‘ನಾನು ಬಿಟ್ಟು ಹೋಗಿದ್ದಕ್ಕೆ ನಿಮಗೆ ಕೋಪ ಬಂದಿರಬಹುದಾ?’ ಅಂತ ಕೇಳಿದರು. ನಕ್ಕುಬಿಟ್ಟೆ. ‘ಛೆ ಛೆ, ನಿಮಗೂ ರಜೆ ಬೇಡ್ವಾ? ಪರವಾಗಿಲ್ಲ’ ಅಂದೆ. ‘ಇವತ್ತು ಇದು ನಾಲ್ಕನೇ ಪರವಾಗಿಲ್ಲ’ ಅಂದರು.

ಅಷ್ಟಕ್ಕೇ ಅಳು ಬಂತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಚಿಕ್ಕವಳಿದ್ದಾಗ ಅಮ್ಮ ವರ್ಷಗಟ್ಟಲೆ ಹುಷಾರಿರಲಿಲ್ಲ, ‘ಈ ಮಗು ಒಂಚೂರೂ ತೊಂದರೆ ಕೊಡಲ್ಲ’ ಅಂತ ಎಲ್ಲರೂ ಮೆಚ್ಚುತ್ತಿದ್ದರು. ಈ ಕಥೆ ನನಗೆ ಮೊದಲಿಂದಲೂ ಗೊತ್ತು. ಗೊತ್ತಿದ್ದರಿಂದ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಎಷ್ಟೋ ತಿಂಗಳ ಮೇಲೆ, ಥೆರಪಿಸ್ಟ್ ಮೇಲೇ ನಿಜವಾಗಿ ರೇಗಿದಾಗ. ರೇಗಿದೆ, ಅವರು ಕೇಳಿಸಿಕೊಂಡರು, ಮುಂದಿನ ವಾರ ಅದೇ ಹೊತ್ತಿಗೆ ಬಾಗಿಲು ತೆಗೆದರು. ಹಳೆಯ ಸಂಬಂಧದ ಭಾವನೆಗಳನ್ನು ಎದುರಿಗಿರುವವರ ಮೇಲೆ ಹೊರಿಸುವುದಕ್ಕೆ ಟ್ರಾನ್ಸ್‌ಫರೆನ್ಸ್ ಅನ್ನುತ್ತಾರೆ. ಸಿಬಿಟಿಯಲ್ಲಿ ನನ್ನ ತೊಂದರೆಯನ್ನು ಹೇಳುತ್ತಿದ್ದೆ, ಇಲ್ಲಿ ಆ ತೊಂದರೆಯನ್ನೇ ಆಡಿ ತೋರಿಸುತ್ತಿದ್ದೆ.

ಕಷ್ಟಗಳನ್ನೂ ಹೇಳಬೇಕು. ಏಳನೇ ತಿಂಗಳ ಹೊತ್ತಿಗೆ ಮೊದಲಿಗಿಂತ ಕೆಟ್ಟದಾಗಿದ್ದೆ. ಸುಧಾರಿಸಿದ್ದೇನಾ ಇಲ್ಲವಾ ಅಂತ ಅಳೆಯಲು ಯಾವ ಅಂಕೆಯೂ ಇರಲಿಲ್ಲ. ದುಡ್ಡು ನೀರಿನ ಹಾಗೆ ಹೋಯಿತು. ಥೆರಪಿಸ್ಟ್ ಚೆನ್ನಾಗಿಲ್ಲದಿದ್ದರೆ ಇದೆಲ್ಲ ಸುಮ್ಮನೆ ಹರಟೆಯಾಗುವ ಅಪಾಯವೂ ಉಂಟು.

ಇದು ನನ್ನೊಬ್ಬಳ ಕಥೆಯಾ ಅಂತ ಹುಡುಕಿದೆ. 2013ರಲ್ಲಿ ಬಂದ ಆಮ್‌ಸ್ಟರ್‌ಡ್ಯಾಮಿನ ಅಧ್ಯಯನವೊಂದರಲ್ಲಿ ಖಿನ್ನತೆಯಿದ್ದ 341 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಿಬಿಟಿ, ಇನ್ನೊಂದಕ್ಕೆ ಸೈಕೋಡೈನಾಮಿಕ್, 16 ಸೆಷನ್ ಕೊಟ್ಟಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ, ಪೂರ್ತಿ ಚೇತರಿಸಿಕೊಂಡವರು ಒಟ್ಟು 23%ರ ಆಸುಪಾಸು. ಎರಡು ಪಕ್ಷದವರೂ ಜಂಬ ಪಡುವ ಹಾಗಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಅಧ್ಯಯನ 2015ರಲ್ಲಿ ಬಂತು. ಬೇರೆ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯ 129 ಜನ ಅದರಲ್ಲಿದ್ದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆಯ ಜೊತೆ 18 ತಿಂಗಳು ಸೈಕೋಡೈನಾಮಿಕ್ ಬಗೆಯ ಥೆರಪಿ. ಮುಗಿದಾಗ ದೊಡ್ಡ ವ್ಯತ್ಯಾಸ ಇರಲಿಲ್ಲ. ಎರಡು ವರ್ಷ ಬಿಟ್ಟು ನೋಡಿದರೆ ಒಂದಿಷ್ಟಾದರೂ ಚೇತರಿಕೆ ಉಳಿಸಿಕೊಂಡವರು ಆ ಗುಂಪಿನಲ್ಲಿ 30%, ಬರೀ ಮಾಮೂಲಿ ಚಿಕಿತ್ಸೆಯವರಲ್ಲಿ 4.4%. ಸಿಬಿಟಿ ಕಟ್ಟಿದ ಆರನ್ ಬೆಕ್ ತಾವೇ ಮನೋವಿಶ್ಲೇಷಣೆ ಕಲಿತವರು, ಅದು ಸಾಲದು ಅನ್ನಿಸಿ 1960ರ ದಶಕದಲ್ಲಿ ಬೇರೆ ದಾರಿ ಹಿಡಿದವರು. ನಾನು ಅವರ ದಾರಿಯಲ್ಲಿ ಉಲ್ಟಾ ನಡೆದೆ!

ಎರಡನೇ ವರ್ಷ ನಾನೂ ಗಂಡನೂ ಜೋಡಿಯಾಗಿ ಥೆರಪಿಗೆ ಹೋದೆವು. ಮೊದಲು ಮಾತಿನ ಕೌಶಲ ಕಲಿಸುವ ಕಡೆ, ಆರು ಸೆಷನ್. ‘ನೀನು ಯಾವಾಗಲೂ ಹೀಗೇ’ ಅನ್ನಬೇಡಿ, ‘ನನಗೆ ಹೀಗನ್ನಿಸಿತು’ ಅನ್ನಿ. ತಲೆ ಬಿಸಿಯಾದರೆ ಇಪ್ಪತ್ತು ನಿಮಿಷ ಬಿಡುವು ತಗೊಳ್ಳಿ. ಒಳ್ಳೆಯದೇ. ಜಗಳ ಮರ್ಯಾದೆಯಿಂದ ನಡೆಯತೊಡಗಿತು, ನಿಲ್ಲಲಿಲ್ಲ.

ಆಮೇಲೆ ಸೈಕೋಡೈನಾಮಿಕ್ ಜೋಡಿ ಥೆರಪಿ, ಹತ್ತು ತಿಂಗಳು. ನನ್ನ ಥೆರಪಿಸ್ಟ್ ಇದನ್ನು ತಾವೇ ಮಾಡಲು ಒಪ್ಪಲಿಲ್ಲ, ಬೇರೆಯವರ ಹತ್ತಿರ ಹೋಗಿ ಅಂದರು. ಇವರು ಕಂಡುಹಿಡಿದದ್ದು ಇಷ್ಟು: ನಮ್ಮ ಮನೆಯ ಕೋಪವೆಲ್ಲ ಅವನ ಪಾಲಿಗೆ, ಸಮಾಧಾನವೆಲ್ಲ ನನ್ನ ಪಾಲಿಗೆ ಬಂದಿತ್ತು. ನಾನು ನುಂಗಿದ್ದನ್ನು ಅವನು ಕೂಗಾಡಿ ಕಕ್ಕುತ್ತಿದ್ದ, ‘ನೋಡಿ, ಇವನೇ ಕೋಪಿಷ್ಠ’ ಅಂತ ನಾನು ಹಗುರಾಗುತ್ತಿದ್ದೆ. ಗಂಡ ಹೆಂಡತಿ ಹೀಗೆ ಒಬ್ಬರ ಭಾರ ಇನ್ನೊಬ್ಬರಿಗೆ ದಾಟಿಸುತ್ತಾರೆ ಅಂತ ಹೆನ್ರಿ ಡಿಕ್ಸ್ ಅನ್ನುವ ಮನೋವೈದ್ಯರು 1967ರಲ್ಲೇ ಬರೆದಿದ್ದರಂತೆ. ಅವತ್ತು ಗಂಡ ಅಂದದ್ದು ಇನ್ನೂ ಕಿವಿಯಲ್ಲಿದೆ: ‘ನೀನು ಪರವಾಗಿಲ್ಲ ಅಂದಾಗೆಲ್ಲ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗುತ್ತೆ. ಅದಕ್ಕೇ ಜೋರಾಗಿ ತಟ್ತೀನಿ.’

ಯಾರಿಗೆ ಯಾವುದು ಅಂತ ಕೇಳಿದರೆ ನನ್ನ ಲೆಕ್ಕ ಇದು. ತೊಂದರೆ ಇಂಥದ್ದೇ ಅಂತ ಬೆರಳಿಟ್ಟು ತೋರಿಸಬಲ್ಲಿರಾದರೆ, ಬೇಗ ಉಸಿರಾಡುವಂತಾಗಬೇಕಿದ್ದರೆ, ಸಿಬಿಟಿ. ಊರು, ಕೆಲಸ, ಜನ ಬದಲಾದರೂ ನಿಮ್ಮ ಕಥೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರೆ ಸೈಕೋಡೈನಾಮಿಕ್, ಒಂದು ವರ್ಷವಾದರೂ ಕೊಡುವ ಹಾಗಿದ್ದರೆ ಮಾತ್ರ. ಸಾಯಬೇಕು ಅನ್ನಿಸುತ್ತಿದ್ದರೆ ಈ ಹೋಲಿಕೆಯೆಲ್ಲ ಬಿಟ್ಟು ಮೊದಲು ಮನೋವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಜೋಡಿ ಥೆರಪಿ ಬೇಡ, ಮೊದಲು ಕ್ಷೇಮವಾಗಿರುವ ದಾರಿ ನೋಡಿಕೊಳ್ಳಿ.

ನೋಟ್‌ಬುಕ್ ಇನ್ನೂ ಡ್ರಾಯರಿನಲ್ಲಿದೆ. ಹೋದ ತಿಂಗಳು ಆಫೀಸಿನ ಗಲಾಟೆಯೊಂದಕ್ಕೆ ನಿದ್ದೆ ಬಾರದೆ ಅದನ್ನೇ ತೆಗೆದು ಕಾಲಂ ತುಂಬಿಸಿದೆ. ಇನ್ನು ‘ಪರವಾಗಿಲ್ಲ’ ಪೂರ್ತಿ ಬಿಟ್ಟುಹೋಗಿಲ್ಲ. ಈಗ ಅಂದರೆ ಗಂಡ ತಿರುಗಿ ಕೇಳುತ್ತಾನೆ: ‘ನಿಜವಾದ ಪರವಾಗಿಲ್ಲವಾ, ಹಳೇದಾ?’