ಬೇಸಿಗೆಯಲ್ಲಿ ತರಿಸಿದ ಲಿಕ್ವಿಡ್ ಯೀಸ್ಟನ್ನು ನೇರವಾಗಿ ಬಿಯರ್‌ಗೆ ಸುರಿಯಬೇಡಿ

ಟೆಕ್ಸಾಸ್, ಅರಿಜೋನಾ ಕಡೆ ಇದ್ದು ಮನೆಯಲ್ಲೇ ಬಿಯರ್ ಮಾಡುವ ನಮ್ಮವರಿಗೆ ಇದು. ಅಂಗಡಿಯವರು "ಒಂದು ಪ್ಯಾಕ್ ಸಾಕು, ಸ್ಟಾರ್ಟರ್ ಗೀರ್ಟರ್ ಏನೂ ಬೇಡ" ಅಂದರೆ ನಂಬಬೇಡಿ (ಸ್ಟಾರ್ಟರ್ ಅಂದರೆ ಬಿಯರ್‌ಗೆ ಹಾಕುವ ಮುಂಚೆ ಯೀಸ್ಟನ್ನು ಸ್ವಲ್ಪ ಸಿಹಿ ನೀರಿನಲ್ಲಿ ಬೆಳೆಸಿಕೊಳ್ಳುವುದು). ಆ ಮಾತಿಗೆ ನನ್ನ ಒಂದು ಬ್ಯಾಚ್ ಡಾಪಲ್‌ಬಾಕ್ ಪೂರ್ತಿ ಹಾಳಾಯಿತು.

ಡಾಪಲ್‌ಬಾಕ್ ಅಂದರೆ ಮ್ಯೂನಿಕ್ ಕಡೆಯ ಗಟ್ಟಿ ಲಾಗರ್, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಕ್ಕಾಪಟ್ಟೆ ಬೇಕು, ಅಂದರೆ ದುಡ್ಡೂ ಅಷ್ಟೇ. ಜುಲೈನಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ ಮಾಲ್ಟ್, ಹಾಪ್ಸ್, ಲಾಗರ್ ಯೀಸ್ಟ್ ಎಲ್ಲ ಒಟ್ಟಿಗೆ ತರಿಸಿದೆ. ಐಸ್ ಪ್ಯಾಕ್‌ಗೆ ಬೇರೆ ದುಡ್ಡು ಕೊಟ್ಟಿದ್ದೆ. ಡಬ್ಬಿ ಬಾಗಿಲಿಗೆ ಬರುವಷ್ಟರಲ್ಲಿ ಅದು ಕರಗಿ ಬೆಚ್ಚಗಾಗಿತ್ತು. ಯೀಸ್ಟ್ ಮೇಲಿನ ತಾರೀಖು ನೋಡಿದರೆ ತಯಾರಾಗಿ ಮೂರು ತಿಂಗಳು! ಫೋನ್ ಮಾಡಿ, ತಾರೀಖು ಓದಿ ಹೇಳಿ, ಸ್ಟಾರ್ಟರ್ ಮಾಡಬೇಕಾ ಅಂತ ಕೇಳಿದೆ. "ಎಕ್ಸ್‌ಪೈರಿ ಆಗಿಲ್ಲವಲ್ಲ, ಹಾಗೇ ಹಾಕಿ" ಅಂದರು.

ಈಗ ಲೆಕ್ಕ ನೋಡಿ. ಲಾಗರ್‌ಗೆ ಬಳಕೆಯಲ್ಲಿರುವ ಅಳತೆ ಅಂದರೆ ಪ್ರತಿ ಮಿಲಿಲೀಟರ್‌ಗೆ, ಪ್ರತಿ ಡಿಗ್ರಿ ಪ್ಲೇಟೊಗೆ (ದ್ರವದಲ್ಲಿ ಸಕ್ಕರೆ ಎಷ್ಟಿದೆ ಅನ್ನುವ ಅಳತೆ) 15 ಲಕ್ಷ ಯೀಸ್ಟ್ ಕಣ. ಬೆಚ್ಚಗೆ ಹುದುಗಿಸುವ ಏಲ್ ಬಿಯರ್‌ಗೆ ಅದರ ಅರ್ಧ ಸಾಕು. ನನ್ನದು 5 ಗ್ಯಾಲನ್, ಅಂದರೆ 19 ಲೀಟರ್. ಗ್ರಾವಿಟಿ (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಗಟ್ಟಿ ಅನ್ನುವುದು) 1.076, ಸುಮಾರು 18.5 ಪ್ಲೇಟೊ. ಗುಣಿಸಿದರೆ 52 ಸಾವಿರ ಕೋಟಿ ಕಣ ಬೇಕು. ನಾನು ತರಿಸಿದಂಥ ಪ್ಯಾಕ್‌ನಲ್ಲಿ ಹೊಸದಾಗಿದ್ದಾಗ ಇರುವುದೇ ಸುಮಾರು 10 ಸಾವಿರ ಕೋಟಿ. ಫ್ರಿಜ್ಜಿನಲ್ಲೇ ಇಟ್ಟರೂ ತಿಂಗಳಿಗೆ ಐದರಲ್ಲೊಂದು ಪಾಲು ಸಾಯುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಮೂರು ತಿಂಗಳಿಗೆ ಅರ್ಧ ಹೋಯಿತು, ಅದರ ಮೇಲೆ ಟ್ರಕ್ಕಿನೊಳಗಿನ ಶೆಕೆ. ಬೇಕಾದ್ದರ ಹತ್ತರಲ್ಲೊಂದು ಪಾಲೂ ಬದುಕಿರಲಿಲ್ಲ ಅನ್ನಿ. ಒಂದು ಚಮಚ ಹೆಪ್ಪು ಹಾಕಿದರೆ ಹಂಡೆ ಹಾಲೂ ತಡವಾಗಿಯಾದರೂ ಮೊಸರಾಗುತ್ತದೆ, ಆದರೆ ಆ ಧೈರ್ಯ ಇಲ್ಲಿ ನಡೆಯಲ್ಲ. ಇರುವ ನಾಲ್ಕು ಕಣಗಳು ಮರಿ ಹಾಕಿ ಹಾಕಿಯೇ ಸುಸ್ತಾಗುತ್ತವೆ, ಸಕ್ಕರೆ ಪೂರ್ತಿ ತಿಂದು ಮುಗಿಸುವ ಶಕ್ತಿ ಉಳಿಯುವುದಿಲ್ಲ. ಅಷ್ಟರಲ್ಲಿ ಬ್ಯಾಕ್ಟೀರಿಯಾ ನುಗ್ಗುವುದಕ್ಕೂ ಬೇಕಾದಷ್ಟು ಸಮಯ.

ಆಗಿದ್ದೂ ಅದೇ. ದಿನಗಟ್ಟಲೆ ನೊರೆಯೇ ಏಳಲಿಲ್ಲ. ಆಮೇಲೆ ಒಂದಿಷ್ಟು ಗುಳುಗುಳು ಅಂದು ಗ್ರಾವಿಟಿ 1.040 ಹತ್ತಿರ ನಿಂತೇಬಿಟ್ಟಿತು, 1.020ರ ಆಸುಪಾಸಿಗೆ ಇಳಿಯಬೇಕಿತ್ತು. ಮೂಗು ಇಟ್ಟರೆ ಹಸಿ ಸೇಬಿನ ವಾಸನೆ, ಹಿಂದೆ ಬೆಣ್ಣೆ ವಾಸನೆ. ಮತ್ತೆ ಫೋನ್ ಮಾಡಿದರೆ ಅಂಗಡಿಯವರ ಸಲಹೆ ಇನ್ನೂ ಚೆನ್ನಾಗಿತ್ತು: "ಬಾಟಲಿಗೆ ತುಂಬಿಸಿಬಿಡಿ, ಅಲ್ಲೇ ಸರಿಹೋಗುತ್ತದೆ." ದಯವಿಟ್ಟು ಇದನ್ನು ಮಾತ್ರ ಯಾರೂ ಮಾಡಬೇಡಿ! ಅಷ್ಟು ಸಕ್ಕರೆ ಉಳಿದ ಬಿಯರನ್ನು ಮುಚ್ಚಿಟ್ಟರೆ ಯೀಸ್ಟ್ ಒಳಗೆ ಮತ್ತೆ ಎದ್ದು ಗ್ಯಾಸ್ ತುಂಬಿ ಬಾಟಲಿ ಸಿಡಿಯುತ್ತದೆ, ಗಾಜಿನ ಚೂರು ಮುಖಕ್ಕೆ ಬಂದರೆ ಯಾರು ಗತಿ? ಡ್ರೈ ಯೀಸ್ಟ್ ಹಾಕಿ ನೋಡಿದೆ. ಸ್ವಲ್ಪ ಇಳಿಯಿತು, ಆದರೂ ಪಾನಕದಂಥ ಸಿಹಿ ಹೋಗಲಿಲ್ಲ. ಎಲ್ಲ ಸಿಂಕಿಗೆ. ದುಡ್ಡು ವಾಪಸ್ ಕೇಳಿದ್ದಕ್ಕೆ, ಯೀಸ್ಟ್ ಜೀವ ಇರುವ ವಸ್ತು, ಅದಕ್ಕೆ ಗ್ಯಾರಂಟಿ ಇಲ್ಲ ಎಂಬ ಉತ್ತರ. ಮಾರುವಾಗ ಈ ಜೀವದ ಮಾತು ನೆನಪಿರಲಿಲ್ಲ ನೋಡಿ.

ಹಾಗಾಗಿ ಮಾಲ್ಟ್ ನೆನೆಸುವ ಮೂರ್ನಾಲ್ಕು ದಿನ ಮುಂಚೆಯೇ (ಎರಡು ಸಲ ಬೆಳೆಸುವುದಾದರೆ ಒಂದು ವಾರ ಮುಂಚೆಯೇ) ಸ್ಟಾರ್ಟರ್ ಮಾಡಿ. ಕಣ ಹೆಚ್ಚಿಸುವುದು ಒಂದು ಲಾಭ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಲಾಭ ಅಂದರೆ ಪ್ಯಾಕ್ ಸತ್ತಿದೆಯೋ ಬದುಕಿದೆಯೋ ಮೊದಲೇ ಗೊತ್ತಾಗುತ್ತದೆ, ಹೋದರೆ ಒಂದು ಹಿಡಿ ಮಾಲ್ಟ್ ಪುಡಿ ಮಾತ್ರ ಹೋಗುತ್ತದೆ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಇದಕ್ಕಿಂತ ಗಟ್ಟಿ ಬೇಡ. ಹತ್ತು ನಿಮಿಷ ಕುದಿಸಿ. ಉಕ್ಕುತ್ತದೆ, ಪಕ್ಕದಲ್ಲೇ ನಿಂತಿರಿ. ಪೂರ್ತಿ ತಣಿದ ಮೇಲೆ, ಸ್ಯಾನಿಟೈಜ್ ಮಾಡಿದ ಪಾತ್ರೆಗೆ ಹಾಕಿ ಯೀಸ್ಟ್ ಸೇರಿಸಿ. ಬಾಯಿಗೆ ಫಾಯಿಲ್ ಸುಮ್ನೆ ಸಡಿಲವಾಗಿ ಹೊದಿಸಿ, ಬಿಗಿ ಮುಚ್ಚಳ ಹಾಕಬೇಡಿ. ಕೋಣೆಯ ತಂಪಿನಲ್ಲಿ ಒಂದೆರಡು ದಿನ, ಆಮೇಲೆ ಫ್ರಿಜ್ಜಿಗೆ. ಯೀಸ್ಟ್ ತಳಕ್ಕೆ ಕೂತ ಮೇಲೆ ಮೇಲಿನ ನೀರು ಬಗ್ಗಿಸಿ, ಕೆಳಗಿನ ಕೆನೆಯಂಥದ್ದನ್ನು ಮಾತ್ರ ಬಳಸಿ.

ಎಷ್ಟು ದೊಡ್ಡ ಸ್ಟಾರ್ಟರ್ ಅನ್ನುವುದೇ ಮುಖ್ಯ, ಎಲ್ಲರೂ ಎಡವುವುದು ಅಲ್ಲೇ. ಅರ್ಧ ಲೀಟರ್ ಮಾಡಿ ಸಮಾಧಾನ ಪಟ್ಟುಕೊಂಡರೆ ಇಂಥ ಲಾಗರ್‌ಗೆ ಮೂಗಿಗೂ ಸಾಲದು. ಹಳೆ ಪ್ಯಾಕ್, ಗಟ್ಟಿ ಲಾಗರ್ ಅಂದರೆ ಸ್ಟರ್ ಪ್ಲೇಟ್ (ಆಯಸ್ಕಾಂತದಿಂದ ತಾನಾಗಿ ಕಲಕುತ್ತಿರುವ ಯಂತ್ರ) ಮೇಲೆ 2 ಲೀಟರ್ ಮಾಡಿ, ನೀರು ಬಗ್ಗಿಸಿ, ಅದೇ ಯೀಸ್ಟ್ ಮೇಲೆ ಹೊಸದಾಗಿ ಇನ್ನೊಂದು 2 ಲೀಟರ್. ಸ್ಟರ್ ಪ್ಲೇಟ್ ಇಲ್ಲದಿದ್ದರೆ ಇನ್ನೂ ಜಾಸ್ತಿ ಬೇಕು.

ಬೆಂಗಳೂರಿನ ಗೆಳೆಯರು ಇದನ್ನು ಓದಿ ಉತ್ಸಾಹ ಪಡಬೇಡಿ. ಇಲ್ಲಿ ಫೆಡರಲ್ ಕಾನೂನು 1979ರಿಂದ ಮನೆ ಬಳಕೆಗೆ ಬಿಟ್ಟಿದೆ, ಅಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕೇಸು.

ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು ಅಂದರೆ, ಬೇಸಿಗೆ ಮುಗಿಯುವ ತನಕ ಡ್ರೈ ಯೀಸ್ಟ್ ತರಿಸಿ. ಶೆಕೆ ಚೆನ್ನಾಗಿ ತಡೆಯುತ್ತದೆ, ಅದಕ್ಕೆ ಸ್ಟಾರ್ಟರೂ ಬೇಡ. ಲಾಗರ್‌ಗೆ ಮಾತ್ರ ಒಂದು ಪ್ಯಾಕೆಟ್‌ನಲ್ಲಿ ಮುಗಿಸಬೇಡಿ, ಎರಡಾದರೂ ಹಾಕಿ.