ಎಕ್ಸ್‌ಪ್ಲೋರರ್-1ರ ಗೈಗರ್ ಮಾಪಕ: ಜಿಪುಣ ವಿನ್ಯಾಸ, ನಂಬಲಾಗದ ಸೊನ್ನೆ

1958ರ ಜನವರಿ 31ರಂದು ಮೇಲೇರಿದ, ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರ ತೂಕ 14 ಕಿಲೋಗೂ ಕಮ್ಮಿ. ಉಪಕರಣಗಳ ತೂಕದಲ್ಲಿ ಶೇ. 40ರಷ್ಟನ್ನು ಪಾದರಸದ ಬ್ಯಾಟರಿಗಳೇ ನುಂಗಿದ್ದವು. ಇಷ್ಟು ಬಿಗಿಯಲ್ಲಿ ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಅಲೆನ್ ತಂಡದ ಜಾರ್ಜ್ ಲುಡ್ವಿಗ್ ಕಾಸ್ಮಿಕ್ ಕಿರಣಗಳನ್ನು, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳನ್ನು, ಎಣಿಸುವ ಗೈಗರ್ ಮಾಪಕವೊಂದನ್ನು ಕೂರಿಸಿದರು. ಅದರ ಟ್ಯೂಬಿನೊಳಗೆ ಕಣ ಹೊಕ್ಕಾಗಲೆಲ್ಲ ಒಂದು ವಿದ್ಯುತ್ ಪಲ್ಸ್ ಹುಟ್ಟುತ್ತದೆ. ಮೆಚ್ಚಬೇಕಾದ್ದು ಅದರ ಜಿಪುಣತನವನ್ನೇ.

ಟ್ಯೂಬು ಆಂಟನ್ 314, ಸುಮಾರು 700 ವೋಲ್ಟ್‌ನಲ್ಲಿ ಓಡುವಂಥದು. ಒಳಗಿನ ಅನಿಲದಲ್ಲಿ, ಪ್ರತಿ ಪಲ್ಸ್ ಆದ ಮೇಲೆ ವಿದ್ಯುತ್ ಹರಿವನ್ನು ನಂದಿಸಲು, ಹ್ಯಾಲೊಜೆನ್. ಅದೇ ಕೆಲಸಕ್ಕೆ ಆಲ್ಕೊಹಾಲ್ ಆವಿ ತುಂಬಿದ ಟ್ಯೂಬು ಎಣಿಸಿದಷ್ಟೂ ಸವೆಯುತ್ತದೆ. ಹ್ಯಾಲೊಜೆನ್ ಅಣುಗಳು ಒಡೆದರೂ ಮತ್ತೆ ಕೂಡಿಕೊಳ್ಳುತ್ತವೆ. ರಿಪೇರಿಗೆ ಯಾರೂ ಹೋಗಲಾಗದ ಜಾಗಕ್ಕೆ ಇದೇ ಸರಿ. ಟ್ಯೂಬಿನ ಹಿಂದೆ ಎಣಿಕೆಯನ್ನು ಭಾಗಿಸಿ ಇಳಿಸುವ ಟ್ರಾನ್ಸಿಸ್ಟರ್ ಸ್ಕೇಲರ್: ಎರಡರಿಂದ ಭಾಗಿಸುವ ಐದು ಹಂತ, ಅಂದರೆ 32 ಪಲ್ಸ್‌ಗೆ ಒಂದು ಸಂಕೇತ. ಸೆಕೆಂಡಿಗೆ 30ರ ಆಸುಪಾಸು ಎಣಿಕೆ ನಿರೀಕ್ಷೆಯಿದ್ದಾಗ 10 ಮತ್ತು 60 ಮಿಲಿವಾಟ್‌ನ ಟ್ರಾನ್ಸ್‌ಮಿಟರ್‌ಗಳಿಗೆ ಅದು ಹೊರಲಾಗದ ಹೊರೆಯಲ್ಲ.

ದೊಡ್ಡ ಕೊರತೆ ಟೇಪ್ ರೆಕಾರ್ಡರ್ ಇಲ್ಲದಿರುವುದು. ನೆಲದ ಕೇಂದ್ರದ ಮೇಲೆ ಹಾಯುವಾಗಷ್ಟೇ ದತ್ತಾಂಶ; ನಡುವೆ ಏನಾಯಿತೋ ದೇವರಿಗೇ ಗೊತ್ತು.

ನಿಜವಾದ ಎಡವಟ್ಟು ಬೇರೆ. ಎತ್ತರದಲ್ಲಿ ಎಣಿಕೆ ಸೊನ್ನೆಗಿಳಿಯುತ್ತಿತ್ತು. ಟ್ಯೂಬಿನ ವೋಲ್ಟೇಜ್ ಪೂರ್ತಿ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಕಣ ಬಂದರೆ ಹುಟ್ಟುವ ಪಲ್ಸ್ ಕುಳ್ಳು. ಸ್ಕೇಲರ್‌ನ ಹೊಸ್ತಿಲನ್ನೇ ದಾಟದು. ಮಾದರಿ ಲೆಕ್ಕ ನೋಡಿ: ಚೇತರಿಕೆಗೆ 100 ಮೈಕ್ರೋಸೆಕೆಂಡ್ ಬೇಕು, ಆ ನಡುವೆ ಬಂದ ಪ್ರತಿ ಕಣವೂ ಅದನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10,000 ಕಣ ಬಂದರೆ ಕಾಣುವುದು ಸುಮಾರು 3,700. ಒಂದು ಲಕ್ಷ ಬಂದರೆ ಕಾಣುವುದು ಬರೀ ನಾಲ್ಕೋ ಐದೋ! ಪ್ರವಾಹಕ್ಕೂ ಬರಕ್ಕೂ ಒಂದೇ ಓದು ಕೊಡುವ ಮೀಟರ್ ಇದು.

1958ರ ಮಾರ್ಚ್ 26ರ ಎಕ್ಸ್‌ಪ್ಲೋರರ್-3ರಲ್ಲಿ ಪುಟ್ಟ ಟೇಪ್ ರೆಕಾರ್ಡರ್ ಸೇರಿತು. ಎಣಿಕೆ ಏರಿ, ಸೊನ್ನೆಯಾಗಿ, ಮತ್ತೆ ಮರಳುವ ಇಡೀ ಸುತ್ತು ಆಗ ಕಂಡಿತು. ವ್ಯಾನ್ ಅಲೆನ್ ತಂಡದ ಕಾರ್ಲ್ ಮೆಕ್‌ಇಲ್ವೇನ್ ಅಂಥದೇ ಉಪಕರಣವನ್ನು ಎಕ್ಸ್-ರೇ ಯಂತ್ರದ ಮುಂದಿಟ್ಟು, ಆ ಸೊನ್ನೆ ವಿಪರೀತ ವಿಕಿರಣದ ಗುರುತೆಂದು ತೋರಿಸಿದರು. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಕಣಗಳ ವ್ಯಾನ್ ಅಲೆನ್ ವಿಕಿರಣ ಪಟ್ಟಿ ಪತ್ತೆಯಾದದ್ದು ಹೀಗೆ. ಹಾರಿಸುವ ಮೊದಲೇ ಆ ಪರೀಕ್ಷೆ ಮಾಡಬಹುದಿತ್ತು, ಆದರೆ ಅಲ್ಲಿ ಅಷ್ಟು ವಿಕಿರಣ ಇದೆಯೆಂದು ಎಣಿಸಿದವರಾರು?

ಜುಲೈನ ಎಕ್ಸ್‌ಪ್ಲೋರರ್-4 ಹೆಚ್ಚು ಭರವಸೆಯ ಮಾದರಿ: ಎರಡು ಗೈಗರ್ ಟ್ಯೂಬು, ಒಂದಕ್ಕೆ ಸೀಸದ ಹೊದಿಕೆ, ಜೊತೆಗೆ ಕಣ ಬಡಿದಾಗ ಹೊಮ್ಮುವ ಬೆಳಕನ್ನು ಅಳೆಯುವ ಎರಡು ಸಿಂಟಿಲೇಶನ್ ಮಾಪಕ. ಅವುಗಳಲ್ಲೊಂದು ಕಣ ಎಣಿಸುವ ಗೋಜಿಗೇ ಹೋಗದೆ ಬಿದ್ದ ಒಟ್ಟು ಶಕ್ತಿಯನ್ನು ಅಳೆಯುತ್ತದೆ, ಹಾಗಾಗಿ ಕಣಗಳು ಮುಗಿಬಿದ್ದರೂ ಗೈಗರಿನಂತೆ ಸೊನ್ನೆಗೆ ಮಗುಚುವುದಿಲ್ಲ.